ಸೈಡಕ್ ದಡ್ಡ ಅಲ್ಲ ಕಣ್ರೀ, ಅದಕ್ಕೆ ತಲೆನೋವು

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಕಾರ್ಟೂನು, ಅನಿಮೆ

ಪ್ರಶ್ನೆ: ಮೊನ್ನೆ ರಜಕ್ಕೆ ಅಣ್ಣನ ಮಕ್ಕಳು ಬಂದಿದ್ರು, ಹಳೇ ಪೋಕೆಮಾನ್ (ವಿಚಿತ್ರ ಶಕ್ತಿ ಇರೋ ಪ್ರಾಣಿಗಳನ್ನ ಹಿಡಿದು ಪಳಗಿಸಿ ಕಾದಾಡಿಸೋ ಜಪಾನಿ ಅನಿಮೆ) ಸೀಸನ್ ಹಾಕ್ಕೊಂಡು ಎಲ್ಲರೂ ಕೂತ್ವಿ. ಅದರಲ್ಲಿ ಮಿಸ್ಟಿ ಅನ್ನೋ ಹುಡುಗಿ ಹತ್ರ ಒಂದು ಹಳದಿ ಬಾತುಕೋಳಿ ಇದೆಯಲ್ಲ, ಸೈಡಕ್, ಅದು ಬಂದಾಗೆಲ್ಲ ನಮ್ಮಣ್ಣ "ಇದೊಂದು ಮಂಕುದಿಣ್ಣೆ, ದಂಡಕ್ಕೆ ಸಾಕಿದಾಳೆ, ಎಲ್ಲಾದ್ರೂ ಬಿಟ್ಟು ಬರಬಾರದಾ" ಅಂತಾನೇ ಇದ್ದ. ಈಗ ಮನೇಲಿ ಊಟಕ್ಕೆ ಲೇಟ್ ಮಾಡೋ ಚಿಕ್ಕ ಮಗನಿಗೆ ಸೈಡಕ್ ಅಂತಾನೇ ಹೆಸರಾಗಿಬಿಟ್ಟಿದೆ. ನನಗ್ಯಾಕೋ ಪಾಪ ಅನ್ನಿಸ್ತು, ಹುಡುಗನ ಬಗ್ಗೆನೂ, ಬಾತುಕೋಳಿ ಬಗ್ಗೆನೂ. ನೀವೇನಂತೀರಿ?
- ಹಾಸನದ ಓದುಗರು

ಉತ್ತರ: ನಿಮ್ಮಣ್ಣನಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ, ಸೈಡಕ್ ಮಂಕಲ್ಲ, ಅದಕ್ಕೆ ತಲೆನೋವು. ಇವತ್ತಿಂದಲ್ಲ, ಹುಟ್ಟಿದಾಗಿಂದ, ಇಪ್ಪತ್ನಾಲ್ಕು ಗಂಟೆನೂ. ಎರಡು ಕೈ ತಲೆ ಮೇಲೆ ಹೊತ್ಕೊಂಡು ನಿಂತಿರುತ್ತಲ್ಲ, ಅದನ್ನ ನಾವು ಕಾಮಿಡಿ ಪೋಸು ಅಂದ್ಕೊಂಡಿದೀವಿ. ನಮ್ಮ ಕಡೆ ಮಕ್ಕಳು ಹಂಗೆ ತಲೆ ಮೇಲೆ ಕೈ ಹೊತ್ತು ಕೂತ್ರೆ ಅಜ್ಜಿಯರು ಗದರಿಸ್ತಾರೆ, ದರಿದ್ರ ಬರುತ್ತೆ ಕೈ ತೆಗಿ ಅಂತ, ಯಾಕಂದ್ರೆ ಅದು ಏನೋ ಮುಳುಗಿಹೋದೋರು ಕೂರೋ ರೀತಿ ಅಂತ ಎಲ್ಲರಿಗೂ ಗೊತ್ತು. ಅದೇ ಒಂದು ಬಾತುಕೋಳಿ ಮಾಡಿದ್ರೆ ಮಾತ್ರ ನಗ್ತೀವಿ.

ಅದು ಮಿಸ್ಟಿ ಹತ್ರ ಬಂದ ಕಥೆ ನೋಡಿ. ಅನಿಮೆ ಜಪಾನಲ್ಲಿ ಶುರುವಾಗಿದ್ದು 1997ರಲ್ಲಿ, ಸೈಡಕ್ ಸೇರಿಕೊಳ್ಳೋದು 27ನೇ ಎಪಿಸೋಡಲ್ಲಿ. ಮಿಸ್ಟಿ ಅದನ್ನ ಹಿಡಿಯೋಕೆ ಹೋಗಲೇ ಇಲ್ಲ. ಕಾಲು ಎಡವಿ ಅವಳ ಕೈಯಿಂದ ಪೋಕೆಬಾಲ್, ಅಂದ್ರೆ ಪೋಕೆಮಾನ್ ಹಿಡಿದಿಡೋ ಚೆಂಡು, ಜಾರಿ ಬಿತ್ತು, ಸೈಡಕ್ ತಾನಾಗೇ ಅದರೊಳಗೆ ಹೋಯ್ತು, ಮುಗೀತು. ಫೈಟ್ ಇಲ್ಲ, ಚೇಸ್ ಇಲ್ಲ. ಬೇಡದ ಸಂಬಂಧ ಗಂಟು ಬಿದ್ದಂಗಾಯ್ತು ಅವಳಿಗೆ, ಅಲ್ಲಿಂದಾಚೆ ಇವಳು ತನ್ನ ಬೇರೆ ಪೋಕೆಮಾನ್‌ಗಳಾದ ಸ್ಟಾರ್ಯುನೋ ಗೋಲ್ಡೀನನ್ನೋ ಕರೆಯೋಕೆ ಹೋದ್ರೆ ಸೈಡಕ್ ಕರೀದೇ ಹೋದ್ರೂ ಬಂದು ನಿಲ್ಲುತ್ತೆ, ಕಣ್ಣು ಕಣ್ಣು ಬಿಡುತ್ತೆ, ತಲೆ ಓರೆ ಮಾಡಿ "ಸೈ?" ಅನ್ನುತ್ತೆ, ಇವಳು ಕಿರುಚ್ತಾಳೆ. ಇದೇ ಜೋಕು ಎಷ್ಟು ಸಲ ಬಂದಿದೆಯೋ ಲೆಕ್ಕ ಇಲ್ಲ. ಸರಿ, ನಾನೂ ನಗ್ತೀನಿ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಸ್ವಲ್ಪ ಯೋಚನೆ ಮಾಡಿ, ಆ ಮೂರ್ಖ ಪ್ರಾಣಿಗೆ ತಲೆ ಸಿಡೀತಿರುವಾಗ್ಲೂ ಇವಳಿಗೆ ಕಷ್ಟ ಬಂದಿದೆ ಅಂದ್ರೆ ಮೊದಲು ಆಚೆ ಬರೋದು ಅದೇ. ಅದನ್ನ ಅಡ್ಡಗಾಲು ಅಂತ ಕರೀತೀವಿ. (ಮೂರ್ಖ ಅಂತ ನಾನೇ ಬರೆದುಬಿಟ್ಟೆ ನೋಡಿ, ಬಾಯಿಗೆ ಹಂಗೇ ಬರುತ್ತೆ. ಇರಲಿ, ಅಳಿಸಲ್ಲ.)

32ನೇ ಎಪಿಸೋಡನ್ನ ನಿಮ್ಮಣ್ಣನಿಗೆ ಮತ್ತೆ ತೋರ್ಸಿ. ಕೋಗಾ ಅನ್ನೋ ನಿಂಜಾ ಜಿಮ್ ಲೀಡರ್ (ಪಂದ್ಯಕ್ಕೆ ಬರೋರನ್ನ ಎದುರಿಸೋ ಊರಿನ ಉಸ್ತಾದ) ಮನೆಗೆ ಟೀಮ್ ರಾಕೆಟ್ ಅನ್ನೋ ಕಳ್ಳರ ಗುಂಪಿನೋರು ನುಗ್ಗಿ ಎಲ್ಲರನ್ನೂ ಸಿಕ್ಕಿಸಿ ಹಾಕಿರ್ತಾರೆ. ಯಥಾಪ್ರಕಾರ ಸೈಡಕ್ ಆಚೆ ಬಂದು ಏನೂ ತಿಳೀದೆ ನಿಂತಿದೆ, ಬಾಲ ಅಲ್ಲಾಡಿಸೋದು ಬಿಟ್ಟು ಬೇರೇನೂ ಬರಲ್ಲ. ಪೆಟ್ಟಿನ ಮೇಲೆ ಪೆಟ್ಟು ಬಿದ್ದು ತಲೆನೋವು ಮಿತಿ ಮೀರುತ್ತೆ. ಆಗ ಅದರ ಕಣ್ಣು ಹೊಳೆಯುತ್ತೆ, ಅಲ್ಲೀವರೆಗೂ ಮೆರೀತಿದ್ದ ಅವರ ಪೋಕೆಮಾನ್‌ಗಳು ಆರ್ಬಾಕ್, ವೀಜಿಂಗ್ ಎರಡೂ ಸೈಡಕ್ ಮುಟ್ಟದೇನೇ, ಬರೀ ಅದರ ಮನಸ್ಸಿನ ಶಕ್ತಿಗೆ ಎಗರಿ ಬೀಳ್ತವೆ. ಇಡೀ ಗುಂಪನ್ನ ಉಳಿಸಿದ್ದು ಆ "ದಂಡದ" ಬಾತುಕೋಳಿ. ಆಮೇಲೆ ಏನಾಯ್ತು ಅಂತ ಅದನ್ನೇ ಕೇಳಿ, ಮತ್ತೆ "ಸೈ?" ಅಷ್ಟೇ. ಜಂಬ ಪಡೋಕಾದ್ರೂ ಮಾಡಿದ್ದು ನೆನಪಿರಬೇಕಲ್ವಾ, ಅದಕ್ಕೆ ಅದೂ ಇಲ್ಲ.

ನನಗೆ ಬೇಜಾರಾಗೋದು ಇದರ ಮುಂದಿನದು. ಇದರ ಶಕ್ತಿ ತಲೆನೋವಲ್ಲಿದೆ ಅಂತ ಗೊತ್ತಾದ ಮೇಲೆ ಎಲ್ಲರ ಯೋಚನೆನೂ ಒಂದೇ, ಇದಕ್ಕೆ ನೋವು ಜಾಸ್ತಿ ಮಾಡೋದು ಹೆಂಗೆ ಅಂತ. ಕಮ್ಮಿ ಮಾಡೋದು ಹೆಂಗೆ ಅಂತ ಅಲ್ಲ.

ನಮ್ಮ ದೊಡ್ಡಮ್ಮಂಗೆ ವಾರಕ್ಕೊಂದು ಸಲ ಇಂಥದೇ ತಲೆನೋವು ಬರೋದು. ಕಿಟಕಿ ಎಲ್ಲ ಹಾಕಿ, ಒದ್ದೆ ಟವಲ್ ಹಣೆಗೆ ಬಿಗಿಯಾಗಿ ಕಟ್ಕೊಂಡು, ಅಮೃತಾಂಜನ ಬಳ್ಕೊಂಡು ಗೋಡೆ ಕಡೆ ತಿರುಗಿ ಮಲಗಿರೋರು. ಆ ಟೈಮಲ್ಲಿ ಏನು ಕೇಳಿದ್ರೂ "ಹೂಂ" ಅಂತಿದ್ರು, ಮಾರನೇ ದಿನ ಕೇಳಿದ್ದೂ ನೆನಪಿರ್ತಿರಲಿಲ್ಲ, ಕೊಟ್ಟಿದ್ದೂ ನೆನಪಿರ್ತಿರಲಿಲ್ಲ. ನಾವು ಐದು ಜನ ಮಕ್ಕಳು ಇದನ್ನ ಕಂಡುಹಿಡ್ಕೊಂಡುಬಿಟ್ವಿ. ಐಸ್ ಕ್ಯಾಂಡಿಗೆ ದುಡ್ಡು ಬೇಕಾ, ದೊಡ್ಡಮ್ಮನ ತಲೆನೋವಿಗೆ ಕಾಯೋದು. "ಇವತ್ತು ಬಂದಿಲ್ವಾ ಇನ್ನೂ" ಅಂತ ಬಾಗಿಲ ಸಂದಿಯಿಂದ ಇಣುಕಿ ನೋಡ್ತಿದ್ದಿದ್ದು ಈಗ ನೆನಪಾದ್ರೆ ಮೈ ಹಿಂಡಿದಂಗಾಗುತ್ತೆ. ಹಾಗಾಗಿ ಮಿಸ್ಟಿನ ಜಾಸ್ತಿ ಬೈಯ್ಯೋಕೆ ನನಗೆ ಬಾಯಿಲ್ಲ.

ಹುಡುಗನ ವಿಷಯ: ಅವನು ಊಟಕ್ಕೆ ಯಾಕೆ ಲೇಟು ಅಂತ ಅವನನ್ನೇ ಕೇಳಿ ನೋಡಿ. ಬೆಂಡೆಕಾಯಿ ಪಲ್ಯ ಇರಬಹುದು.

ಪ್ರಶ್ನೆ: ಸೈಡಕ್ ನಾಟಕ ಮಾಡುತ್ತೆ, ಪೆದ್ದನ ಥರ ನಿಂತು ಎದುರಾಳಿನ ಏಮಾರಿಸೋ ಚಾಲಾಕಿ ಅಂತ ಗೇಮಲ್ಲೇ ಬರೆದಿದೆ ಅಂತಾನೆ ನನ್ನ ಫ್ರೆಂಡು. ಹೌದಾ?
- ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಫ್ರೆಂಡು ಓದಿಕೊಂಡೋರು, ಆದ್ರೆ ಅರ್ಧ ಓದಿದಾರೆ. ರೆಡ್, ಬ್ಲೂ ಅನ್ನೋ ಪೋಕೆಮಾನ್ ವಿಡಿಯೋ ಗೇಮುಗಳ ಪೋಕೆಡೆಕ್ಸ್‌ನಲ್ಲಿ, ಅಂದ್ರೆ ಪ್ರತಿ ಪೋಕೆಮಾನಿಗೂ ಎರಡು ಸಾಲು ಜಾತಕ ಬರೆದಿರ್ತಾರಲ್ಲ ಅದರಲ್ಲಿ, ಖಾಲಿ ಮುಖ ತೋರಿಸಿ ಎದುರಾಳಿನ ಮೈಮರೆಸುತ್ತೆ, ಕಿಲಾಡಿ ಅನ್ನೋ ಅರ್ಥದ ಮಾತಿದೆ ನಿಜ. ಆಮೇಲೆ ಬಂದ ಯೆಲ್ಲೋ ಗೇಮಲ್ಲಿ ಅದೇ ಜಾಗದಲ್ಲಿ ಏನಿದೆ ಗೊತ್ತಾ? ಯಾವಾಗ್ಲೂ ತಲೆನೋವಿಂದ ನರಳುತ್ತೆ, ಶಕ್ತಿ ಉಪಯೋಗಿಸುತ್ತೆ, ಆದ್ರೆ ಬೇಕಂತ ಮಾಡುತ್ತಾ ಅನ್ನೋದು ಗೊತ್ತಿಲ್ಲ ಅಂತ. ಮುಂದಿನ ಗೇಮುಗಳಲ್ಲಿ ಮಾಡಿದ್ದು ನೆನಪಿರಲ್ಲ ಅನ್ನೋದೂ ಸೇರ್ಕೊಳ್ತು. ಅಂದ್ರೆ ಮೊದಲು ಕಳ್ಳ ಅಂತ ಬರೆದೋರೇ ಆಮೇಲೆ ಕೇಸ್ ವಾಪಸ್ ತಗೊಂಡ್ರು. ಹಳೇ ಎಫ್‌ಐಆರ್ ಇಟ್ಕೊಂಡು ಪಾಪದ ಪ್ರಾಣಿನ ಇನ್ನೂ ಎಳೆದಾಡೋದು ಯಾವ ನ್ಯಾಯ? ಇಷ್ಟಕ್ಕೂ ಅನಿಮೆ ಸೈಡಕ್‌ನ ಒಂದು ಎಪಿಸೋಡ್ ನೋಡಿದ್ರೂ ಸಾಕು, ನಾಟಕ ಮಾಡೋದು ಹಾಗಿರಲಿ, ನಾಟಕಕ್ಕೆ ಟಿಕೆಟ್ ತಗೊಳೋಕೂ ಬರಲ್ಲ ಅದಕ್ಕೆ.

ಪ್ರಶ್ನೆ: ಅಷ್ಟು ಕಷ್ಟ ಇದ್ರೆ ಗೋಲ್ಡಕ್ (ಸೈಡಕ್ ಬೆಳೆದು ಆಗೋ ಮುಂದಿನ ರೂಪ) ಆಗಿಬಿಡಬಹುದಲ್ವಾ? ಗೇಮಲ್ಲಿ ನನ್ನ ಸೈಡಕ್ 33ನೇ ಲೆವೆಲ್‌ಗೆ ಗೋಲ್ಡಕ್ ಆಯ್ತು, ಸಖತ್ ಸ್ಟ್ರಾಂಗು. ಮಿಸ್ಟಿದು ಯಾಕಾಗ್ಲಿಲ್ಲ?
- ಶಿವಮೊಗ್ಗದ ಓದುಗ, 9ನೇ ಕ್ಲಾಸು

ಉತ್ತರ: ಮಿಸ್ಟಿಗೂ ಅದೇ ಆಸೆ ಇತ್ತು ಪುಟ್ಟ. ಅನಿಮೆಯ ಆರೆಂಜ್ ಐಲ್ಯಾಂಡ್ಸ್ ಅನ್ನೋ ಭಾಗದಲ್ಲಿ ಒಂದು ಎಪಿಸೋಡಿದೆ, ನೀಟಾದ ಸ್ಟೈಲಾದ ಒಂದು ಗೋಲ್ಡಕ್ ಬಂದು ಇವಳಿಗೆ ಸಹಾಯ ಮಾಡುತ್ತೆ, ಇವಳು ಅಯ್ಯೋ ನನ್ನ ಸೈಡಕ್ಕೇ ಹಿಂಗಾಗಿದೆ ಅಂತ ಕುಣಿದಾಡಿಬಿಡ್ತಾಳೆ. ಕೊನೆಗೆ ನೋಡಿದ್ರೆ ಅದ್ಯಾವುದೋ ಬೇರೆ ಕಾಡು ಗೋಲ್ಡಕ್, ಚೆಂದದ ಹುಡುಗಿಯರು ಕಂಡ್ರೆ ಹಿಂದೆ ಬರೋ ಪೈಕಿ. ಇವಳ ಸೈಡಕ್ ಎಲ್ಲೂ ಹೋಗಿರಲ್ಲ, ಎಂದಿನ ಹಂಗೆ ತಲೆ ಹಿಡ್ಕೊಂಡು ಹಾಜರ್. ನನಗೆ ಕೇಳಿದ್ರೆ ಅದು ಆಗದೇ ಇದ್ದಿದ್ದೇ ಒಳ್ಳೇದು. ಗೋಲ್ಡಕ್ ಥರದ ಹೀರೋಗಳು ಆ ಸೀರಿಯಲ್ ತುಂಬ ಇದಾರೆ, ಅದರಲ್ಲಿ ಇನ್ನೊಬ್ಬ ಯಾಕೆ.

ಪ್ರಶ್ನೆ: ಸೈಡಕ್ ವಾಟರ್ ಟೈಪ್, ಅಂದ್ರೆ ನೀರಿನ ಪೋಕೆಮಾನ್ ಅಂತಾರೆ, ಮಿಸ್ಟಿಯ ಸೈಡಕ್‌ಗೆ ಈಜೇ ಬರಲ್ಲ. ಬಾತುಕೋಳಿಗೆ ಈಜು ಬರದೇ ಇರೋದು ಅಂದ್ರೆ ಕಥೆ ಬರೆಯೋರದ್ದೇ ತಪ್ಪಲ್ವಾ?
- ಕುಮಟಾದ ಓದುಗರು

ಉತ್ತರ: ನಿಮ್ಮದು ಕಡಲ ತೀರ, ಅದಕ್ಕೇ ಚುಚ್ತು ನಿಮಗೆ. ಗೇಮಲ್ಲಿ ಸೈಡಕ್ ಜಾತಿಗೆ ನೀರು ಮನೆಯಂಗಳ ಇದ್ದಂಗೆ, ಮೇಲೆ ಕೂರಿಸ್ಕೊಂಡು ಸಮುದ್ರ ದಾಟಿಸೋದನ್ನೂ ಕಲಿಸಬಹುದು. ಮಿಸ್ಟಿದಕ್ಕೆ ಮಾತ್ರ ಬರಲ್ಲ, ಅದೂ ಮಾಲೀಕಳು ನೀರಿನ ಪೋಕೆಮಾನ್‌ಗಳಲ್ಲೇ ಹೆಸರು ಮಾಡಬೇಕು ಅಂತ ಹೊರಟೋಳು. ಬರೆಯೋರು ಬೇಕಂತಲೇ ಮಾಡಿದ ಜೋಕು ಇದು, ತಪ್ಪಲ್ಲ. ಆದ್ರೆ ಒಂದು ಕೇಳ್ತೀನಿ, ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದು ಮೊಣಕಾಲು ನೀರಿಗಿಂತ ಮುಂದೆ ಹೋಗದೇ ಇರೋರು ನಿಮ್ಮೂರಲ್ಲಿ ಎಷ್ಟು ಜನ ಇಲ್ಲ?

ಪ್ರಶ್ನೆ: ನನಗೆ ಮೈಗ್ರೇನ್ ಇದೆ. ಆಫೀಸಲ್ಲಿ ಹಣೆ ಹಿಡ್ಕೊಂಡು ಕೂತ್ರೆ ಪಕ್ಕದ ಡೆಸ್ಕಿನೋರು ಸೈಡಕ್ ಸ್ಟಿಕರ್ ಕಳಿಸ್ತಾರೆ. ನಗಬೇಕೋ ಸಿಟ್ಟು ಮಾಡ್ಕೋಬೇಕೋ ಗೊತ್ತಾಗಲ್ಲ.
- ಬೆಂಗಳೂರಿನ ಓದುಗರು

ಉತ್ತರ: ಮೈಗ್ರೇನಿಗೆ ಡಾಕ್ಟರ ಹತ್ರ ಹೋಗಿ, ಅದು ನನ್ನ ಅಂಕಣದ ಕೆಲಸ ಅಲ್ಲ. ಸ್ಟಿಕರ್ ವಿಷಯಕ್ಕೆ ಬಂದ್ರೆ, ಈ ನಡುವೆ ಸೈಡಕ್ ಅಂದ್ರೆ ಬೈಗುಳ ಆಗಿ ಉಳಿದಿಲ್ಲ. 2022ರಲ್ಲಿ ಮಕ್ಕಳ ದಿನಕ್ಕೆ ಅಂತ ಚೀನಾದಲ್ಲಿ ಕೆಎಫ್‌ಸಿನೋರು ಊಟದ ಜೊತೆ ಕುಣಿಯೋ ಸೈಡಕ್ ಆಟಿಕೆ ಕೊಟ್ರು, ಹಾಡಿಗೆ ಎರಡೂ ಕೈ ಮೇಲೆ ಕೆಳಗೆ ಆಡಿಸ್ತಾ ಇರುತ್ತೆ, ಅಷ್ಟೇ ಅದರ ಕೆಲಸ. ಅದಕ್ಕೆ ಮುಗಿಬಿದ್ದಿದ್ದು ಮಕ್ಕಳಲ್ಲ, ಕೆಲಸಕ್ಕೆ ಹೋಗೋ ವಯಸ್ಸಿನೋರು. ಊಟದ ರೇಟಿಗಿಂತ ಎಷ್ಟೋ ಪಟ್ಟು ಜಾಸ್ತಿಗೆ ಕೈ ಬದಲಾಯ್ತು, ಅದರ ಕೈಗೆ ಚೀಟಿ ಅಂಟಿಸಿ ತಮ್ಮ ಮನಸ್ಸಲ್ಲಿರೋದನ್ನ ಬರೆದು ವಿಡಿಯೋ ಮಾಡಿದ್ರು. 2023ರ ಡಿಸೆಂಬರಲ್ಲಿ ನೆಟ್‌ಫ್ಲಿಕ್ಸಿಗೆ ಬಂದ "ಪೋಕೆಮಾನ್ ಕನ್ಸಿಯರ್ಜ್" ನೋಡಿಲ್ಲ ಅಂದ್ರೆ ನೋಡಿ, ಗೊಂಬೆಗಳನ್ನ ಇಂಚಿಂಚು ಸರಿಸಿ ಶೂಟ್ ಮಾಡಿರೋದು, ಒಂದೊಂದು ಎಪಿಸೋಡೂ ಚಿಕ್ಕದು. ಕೆಲಸದಲ್ಲಿ ಸುಸ್ತಾಗಿ ಬಂದ ಹಾರು ಅನ್ನೋ ಹುಡುಗಿಗೆ ಜೊತೆಯಾಗೋದು ಒಂದು ಸೈಡಕ್ಕೇ. 2019ರ "ಡಿಟೆಕ್ಟಿವ್ ಪಿಕಾಚು" ಸಿನಿಮಾದಲ್ಲಂತೂ ಸೈಡಕ್ ಸಿಡಿದುಬಿಟ್ರೆ ಅಂತ ಎಲ್ಲರಿಗೂ ಹೆದರಿಕೆ, ಸ್ವತಃ ಪಿಕಾಚುನೇ ಕೂತು ಅದರ ಪಾದ ಒತ್ತುತ್ತೆ.

ಪಕ್ಕದ ಡೆಸ್ಕಿನೋರಿಗೆ ಆ ಪಾದ ಒತ್ತೋ ಕ್ಲಿಪ್ ವಾಪಸ್ ಕಳಿಸಿ. ಅರ್ಥ ಆದ್ರೆ ಎದ್ದು ಬಂದು ನಿಮ್ಮ ತಲೆ ಮೇಲಿನ ಟ್ಯೂಬ್‌ಲೈಟ್ ಆದ್ರೂ ಆರಿಸ್ತಾರೆ.

ಪ್ರಶ್ನೆ: ಇಷ್ಟೆಲ್ಲ ಸೈಡಕ್ ಪರ ವಕಾಲತ್ತು ಮಾಡ್ತೀರಲ್ಲ, ಚಿಕ್ಕವರಿದ್ದಾಗ ನಿಮ್ಮ ಹತ್ರ ಸೈಡಕ್ ಟ್ಯಾಜೋ (ಚಿಪ್ಸ್ ಪ್ಯಾಕೆಟಲ್ಲಿ ಬರ್ತಿದ್ದ ಚಿತ್ರದ ಬಿಲ್ಲೆ) ಇತ್ತಾ?
- ಮೈಸೂರಿನ ಓದುಗರು

ಉತ್ತರ: ಇತ್ತು. ಚಿಪ್ಸ್ ಪ್ಯಾಕೆಟಲ್ಲಿ ಮೂರು ಸಲ ಅದೇ ಬಂದಿತ್ತು. ಮೂರನ್ನೂ ಕೊಟ್ಟು, ಮೇಲೆ ಒಂದು ರಬ್ಬರೂ ಕೊಟ್ಟು, ಅಂಚು ಮುರಿದಿದ್ದ ಒಂದು ಬೆಂಕಿ ಉಗುಳೋ ಚಾರಿಜಾರ್ಡ್ ಬಿಲ್ಲೆ ತಗೊಂಡೆ. ಮುಂದಿನ ಪ್ರಶ್ನೆ ಬೇರೆ ಯಾವುದಾದ್ರೂ ವಿಷಯದ್ದು ಕಳಿಸಿ.