ಅಜ್ಜನ ಟ್ರಂಕಿನಲ್ಲಿ ಜಪಾನ್ ಸರ್ಕಾರದ ರೂಪಾಯಿ

ಪ್ರಶ್ನೆ: ನನ್ನ ಅಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು ಬರ್ಮಾಕ್ಕೆ ಹೋಗಿ ಬಂದವರು. ಅವರ ಟ್ರಂಕಿನಲ್ಲಿದ್ದ ವೇತನ ಪುಸ್ತಕದೊಳಗೆ, ‘ಜಪಾನ್ ಸರ್ಕಾರ’ ಎಂದು ಇಂಗ್ಲಿಷಿನಲ್ಲಿ ಅಚ್ಚಾದ 5, 10 ಮತ್ತು 100 ರೂಪಾಯಿಯ ನೋಟುಗಳು ಸಿಕ್ಕಿವೆ. ಯಾವುದರ ಮೇಲೂ ಕ್ರಮಸಂಖ್ಯೆಯಿಲ್ಲ. ಇವು ಅಸಲಿಯೇ? ಲಕ್ಷಗಟ್ಟಲೆ ಹಣ ಕೊಡಿಸುತ್ತೇನೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಒಬ್ಬರು ಫೋನಿನಲ್ಲಿ ಹೇಳುತ್ತಿದ್ದಾರೆ.
— ಓದುಗರೊಬ್ಬರು, ಮಡಿಕೇರಿ

ಉತ್ತರ: ದಯವಿಟ್ಟು ಆ ಶುಲ್ಕವನ್ನು ಕಟ್ಟಬೇಡಿ. ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ತನ್ನ ಹೆಸರು ಬಳಸಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ.

ಕ್ರಮಸಂಖ್ಯೆ ಇಲ್ಲದಿರುವುದು ನಕಲಿಯ ಲಕ್ಷಣವಲ್ಲ. ಜಪಾನ್ ತಾನು ಆಕ್ರಮಿಸಿದ ನಾಡುಗಳಿಗೆಂದು ಅಚ್ಚು ಹಾಕಿಸಿದ ಬಹುಪಾಲು ನೋಟುಗಳಲ್ಲಿ ಸಂಖ್ಯೆಯ ಬದಲು ಇಂಗ್ಲಿಷ್ ಅಕ್ಷರಗಳಷ್ಟೇ ಇದ್ದವು. ಮೊದಲ ಅಕ್ಷರ ‘ಬಿ’ ಆಗಿದ್ದರೆ ಅದು ಬರ್ಮಾದ್ದು, ‘ಎಂ’ ಮಲಯಾದ್ದು, ‘ಪಿ’ ಫಿಲಿಪೀನ್ಸಿನದು. ಬರ್ಮಾ 1937ರವರೆಗೆ ಬ್ರಿಟಿಷ್ ಭಾರತದ ಪ್ರಾಂತ್ಯವಾಗಿತ್ತು. ಬೇರ್ಪಟ್ಟ ಮೇಲೂ ಅಲ್ಲಿಗೆ ನೋಟು ಹೊರಡಿಸುತ್ತಿದ್ದುದು ನಮ್ಮ ರಿಸರ್ವ್ ಬ್ಯಾಂಕೇ. ಹೀಗಾಗಿ 1942ರಲ್ಲಿ ರಂಗೂನನ್ನು ಹಿಡಿದ ಜಪಾನೀಯರು ಜನರಿಗೆ ಪರಿಚಿತವಾದ ರೂಪಾಯಿಯ ಹೆಸರನ್ನೇ ಉಳಿಸಿಕೊಂಡರು. ನಿಮ್ಮ 100 ರೂಪಾಯಿಯ ನೋಟು 1944ರ ಮಾಲಿಕೆಗೆ ಸೇರಿದ್ದು. ಕ್ರಮಸಂಖ್ಯೆಯಿಲ್ಲದ್ದರಿಂದ ಎಷ್ಟು ಹಣ ಹೊರಬಿದ್ದಿತೆಂಬುದು ಕೈಯಲ್ಲಿ ನೋಟು ಹಿಡಿದವನಿಗೆ ತಿಳಿಯುವಂತಿರಲಿಲ್ಲ. ಬೆಲೆಗಳು ಏರುತ್ತಲೇ ಹೋದವು. 1945ರಲ್ಲಿ ಮರಳಿದ ಬ್ರಿಟಿಷರು ಈ ಹಣವನ್ನು ಮಾನ್ಯ ಮಾಡದೆ ಹೋದದ್ದರಿಂದ, ಜೀವಮಾನದ ದುಡಿಮೆಯನ್ನು ಈ ಕಾಗದದಲ್ಲಿ ಕೂಡಿಟ್ಟವರ ಕೈ ಬರಿದಾಯಿತು. ಸೈನಿಕರು ನೆನಪಿಗೆಂದು ಇವನ್ನು ಧಾರಾಳವಾಗಿ ತಂದರು. ಇಂದಿಗೂ ಹೇರಳವಾಗಿ ಸಿಗುವುದರಿಂದ ಸಂಗ್ರಾಹಕರ ಪೇಟೆಯಲ್ಲಿ ಇಂಥ ಒಂದು ನೋಟಿನ ಬೆಲೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗಳನ್ನು ದಾಟುವುದಿಲ್ಲ.

ಆದರೆ ಬಿಡಿ ನೋಟಿಗೆ ಇಲ್ಲದ ತೂಕ, ತಂದವರ ವೇತನ ಪುಸ್ತಕದೊಡನೆ ಇರುವ ನೋಟಿಗೆ ಇದೆ. ಯಾವ ದಳದ ಯಾವ ಸೈನಿಕ, ಯಾವ ವರ್ಷ ಎಂಬುದು ಅಲ್ಲಿ ದಾಖಲಾಗಿರುತ್ತದೆ. ಆದ್ದರಿಂದ ಇವೆರಡನ್ನೂ ಬೇರ್ಪಡಿಸಿ ಮಾರಬೇಡಿ; ಮನೆಯ ಹಿರಿಯರಿಗೆ ನೆನಪಿರುವುದನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.

ನೋಟುಗಳನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಲ್ಯಾಮಿನೇಟ್ ಮಾಡಿಸುವುದು, ಹರಿದಲ್ಲಿ ಅಂಟುಪಟ್ಟಿ ಹಚ್ಚುವುದು ಯಾವುದೂ ಬೇಡ. ಅಗ್ಗದ ಮೆತ್ತನೆಯ ಪಿವಿಸಿ ಹಾಳೆಗಳು ಕಾಲಕ್ರಮೇಣ ಕಾಗದಕ್ಕೆ ಅಂಟಿ ಕೆಡಿಸುತ್ತವೆ. ಪಾಲಿಯೆಸ್ಟರ್ ಲಕೋಟೆಗಳನ್ನು ಬಳಸಿ. ಕೊಡಗಿನ ಮಳೆಗಾಲದಲ್ಲಿ ಬೂಷ್ಟು ಬಲುಬೇಗ ಹಿಡಿಯುತ್ತದೆ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡದೆ, ಬಿಸಿಲು ಬಂದ ದಿನ ಒಮ್ಮೆ ತೆಗೆದು ನೋಡಿ.

ಟ್ರಂಕನ್ನು ಇನ್ನೊಮ್ಮೆ ನಿಧಾನವಾಗಿ ಹುಡುಕಿ. ಆರನೇ ಜಾರ್ಜ್ ದೊರೆಯ ಚಿತ್ರವಿರುವ ಭಾರತದ ನೋಟಿನ ಮೇಲೆ, ಬರ್ಮಾದ ಮಿಲಿಟರಿ ಆಡಳಿತದ್ದೆಂದೂ ಬರ್ಮಾದಲ್ಲಿ ಮಾತ್ರ ಚಲಾವಣೆಯೆಂದೂ ಇಂಗ್ಲಿಷಿನಲ್ಲಿ ಮೇಲ್ಮುದ್ರಣವಿದ್ದರೆ, ಅದು 1945ರ ಬ್ರಿಟಿಷ್ ನೋಟು. ಜಪಾನೀಯರದಕ್ಕಿಂತ ಬಹಳ ವಿರಳ. ಹಾಗೆ ಸಿಕ್ಕಿದರೆ ಮಡಿಕೆಯನ್ನು ಬಲವಂತವಾಗಿ ಬಿಡಿಸದೆ, ಎರಡೂ ಬದಿಯ ಚಿತ್ರ ತೆಗೆದು ಕಳುಹಿಸಿ.