ಹನ್ನೆರಡು ತಂತಿಯ ಗಿಟಾರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆರು ತಂತಿಯ ಗಿಟಾರ್ ಮಾಡಿ ರೂಢಿ ಇದೆ. ಅದೇ ನಕ್ಷೆಯಲ್ಲಿ ಕುತ್ತಿಗೆ ಅಗಲ ಮಾಡಿ ಹನ್ನೆರಡು ಕೀಲಿ ಕೂಡಿಸಿದರೆ ಸಾಲದೇ? ಗಟ್ಟಿಯಾಗಲೆಂದು ಮೇಲ್ಹಲಗೆ 4 ಮಿ.ಮೀ. ಇಡಬೇಕೆಂದಿದ್ದೇನೆ.
– ಬಡಗಿ ಕೆಲಸದ ಓದುಗರು, ಕಲಬುರಗಿ

ಒಂದೆರಡು ತಿಂಗಳು ಚೆನ್ನಾಗಿಯೇ ನುಡಿಯುತ್ತದೆ. ಆಮೇಲೆ ಮೇಲ್ಹಲಗೆ ಹೊಟ್ಟೆ ಬಿಡುತ್ತದೆ, ಕುತ್ತಿಗೆ ಮುಂದಕ್ಕೆ ಬಾಗುತ್ತದೆ, ತಂತಿ ಒತ್ತಲಾರದಷ್ಟು ಮೇಲೇಳುತ್ತದೆ. 648 ಮಿ.ಮೀ. ಸ್ಕೇಲಿನ (ಅಂದರೆ ನುಡಿಯುವ ತಂತಿಯ ಉದ್ದ) ಆರು ತಂತಿಯ ಗಿಟಾರಿಗೆ ಲೈಟ್ ಸೆಟ್ ತಂತಿ ಹಾಕಿದರೆ ಒಟ್ಟು ಎಳೆತ ಸುಮಾರು 75 ಕಿಲೋ. ಆರು ಜೋಡಿಯಾಗಿ ಕೂರುವ ಹನ್ನೆರಡಕ್ಕೆ 10–47ರ (ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ) ತೆಳು ಸೆಟ್ ಹಾಕಿದರೂ 110 ಕಿಲೋ ದಾಟುತ್ತದೆ. ಆ ಭಾರವನ್ನು ವರ್ಷಗಟ್ಟಲೆ ಹಗಲೂ ರಾತ್ರಿ ಹೊರಬೇಕು.

ಹಾಗೆಂದು 4 ಮಿ.ಮೀ. ಹಲಗೆ ಬೇಡವೇ ಬೇಡ. ಹಲಗೆಯ ಬಿಗಿ ಅದರ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ, 2.8ರಿಂದ 4ಕ್ಕೆ ಹೋದರೆ ಹೆಚ್ಚುಕಡಿಮೆ ಮೂರು ಪಟ್ಟು. ಅಂಥ ಗಿಟಾರ್ ಮುರಿಯುವುದಿಲ್ಲ, ನುಡಿಯುವುದೂ ಇಲ್ಲ. ಸ್ಪ್ರೂಸ್ ಮರವಾದರೆ 2.8–3.0ರಲ್ಲೇ ನಿಲ್ಲಿಸಿ, ಬಲವನ್ನು ಒಳಗಿನ ಎಕ್ಸ್ ಬ್ರೇಸಿಗೆ, ಅಂದರೆ ಹಲಗೆಯ ಒಳಮೈಗೆ X ಆಕಾರದಲ್ಲಿ ಅಂಟಿಸುವ ಆಸರೆ ಪಟ್ಟಿಗಳಿಗೆ ಕೊಡಿ. 8 ಮಿ.ಮೀ. ಅಗಲದ ಬ್ರೇಸಿನ ಎತ್ತರವನ್ನು 14ರಿಂದ 15 ಮಿ.ಮೀ.ಗೆ ಏರಿಸಿದರೆ ತೂಕ ಏರುವುದು ನೂರಕ್ಕೆ 7, ಬಿಗಿ ಏರುವುದು ನೂರಕ್ಕೆ 23. ಇಷ್ಟು ಅಗ್ಗದ ವ್ಯಾಪಾರ ಗಿಟಾರಿನಲ್ಲಿ ಇನ್ನೊಂದಿಲ್ಲ. ಎರಡು ಬ್ರೇಸು ಕೂಡುವಲ್ಲಿ ಅರ್ಧರ್ಧ ಕಚ್ಚು ತೆಗೆಯುತ್ತೀರಲ್ಲ, ಅಲ್ಲಿ ಮೇಲ್ಮುಖವಾಗಿ (ಹಲಗೆಗೆ ಅಂಟದ ಬದಿಗೆ) ಕಚ್ಚು ಬಿದ್ದ ಬ್ರೇಸ್ ಸೋತಿರುತ್ತದೆ. ಅದರ ಮೇಲೆ ಅಡ್ಡಲಾಗಿ 2 ಮಿ.ಮೀ. ಸ್ಪ್ರೂಸಿನ ತುಂಡೊಂದನ್ನು ಅಂಟಿಸಲೇಬೇಕು.

ಬ್ರಿಡ್ಜಿನ (ಮೇಲ್ಹಲಗೆಯ ಮೇಲೆ ತಂತಿ ಹಿಡಿಯುವ ಪಟ್ಟಿ) ಕೆಳಗೆ ಒಳಬದಿಗೆ ಅಂಟಿಸುವ ಪ್ಲೇಟ್ ಬೀಟೆ ಅಥವಾ ಮೇಪಲ್, 3 ಮಿ.ಮೀ. ಇರಲಿ. ಅದರ ಎಳೆ ಮೇಲ್ಹಲಗೆಯ ಎಳೆಗೆ ಸಮಾನಾಂತರ ಇದ್ದರೆ ತಂತಿ ಸಿಕ್ಕಿಸುವ ಪಿನ್ನಿನ ತೂತುಗಳ ಗುಂಟ ಎರಡೂ ಒಟ್ಟಿಗೇ ಸೀಳುತ್ತವೆ. ಪಿನ್ನುಗಳು ಎರಡು ಸಾಲು ಬರುವುದರಿಂದ ಹಿಂದಿನ ಸಾಲಿನ ಆಚೆಗೂ ಪ್ಲೇಟ್ ಕನಿಷ್ಠ 6 ಮಿ.ಮೀ. ಚಾಚಿರಬೇಕು. ಇಲ್ಲದಿದ್ದರೆ ತಂತಿಯ ತುದಿಯ ಹಿತ್ತಾಳೆ ಗುಂಡು ಸ್ಪ್ರೂಸನ್ನೇ ಕೊರೆಯುತ್ತದೆ.

ಕುತ್ತಿಗೆ ನಟ್ (ತಲೆಯ ಬಳಿ ತಂತಿ ಕೂರುವ ಕಚ್ಚಿನ ಪಟ್ಟಿ) ಬಳಿ 47–48 ಮಿ.ಮೀ. ಅಗಲ ಸಾಕು. ನಡುವೆ ಎರಡೂ ಕಡೆ ತಿರುಗುವ ಟ್ರಸ್ ರಾಡ್ (ಕುತ್ತಿಗೆಯ ಬಾಗು ಸರಿಪಡಿಸುವ ಸಲಾಕೆ), ಅದರ ಎಡಬಲಕ್ಕೆ 3×10 ಮಿ.ಮೀ. ಕಾರ್ಬನ್ ಫೈಬರ್ ಪಟ್ಟಿ ಒಂದೊಂದು, ಎಪಾಕ್ಸಿಯಲ್ಲಿ ಕೂಡಿಸಿ. ಕುತ್ತಿಗೆಯನ್ನು ಡಬ್ಬಕ್ಕೆ ಅಂಟಿನಿಂದಲ್ಲ, ಬೋಲ್ಟಿನಿಂದ ಜೋಡಿಸಿ: ಹನ್ನೆರಡು ತಂತಿಯ ಗಿಟಾರಿನ ಕುತ್ತಿಗೆಯ ಕೋನವನ್ನು ಇಂದಲ್ಲ ನಾಳೆ ಸರಿಪಡಿಸಬೇಕಾಗುತ್ತದೆ, ಆಗ ಬಿಚ್ಚಲು ಬರಬೇಕು. ಇಷ್ಟೆಲ್ಲ ಮಾಡಿದ ಮೇಲೂ ಒಂದು ಪೂರ್ಣ ಸ್ವರ ಇಳಿಸಿ ಶ್ರುತಿ ಮಾಡುವುದೇ ಒಳ್ಳೆಯದು. ಎಳೆತದಲ್ಲಿ ಐದನೇ ಒಂದು ಪಾಲು ಇಳಿಯುತ್ತದೆ. ಮೂಲ ಶ್ರುತಿಯಲ್ಲೇ ಬಾರಿಸಬೇಕಿದ್ದರೆ ಎರಡನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿ ಒಟ್ಟಿಗೆ ಒತ್ತುವ ಹಿಡಿಕೆ) ಹಾಕಿಕೊಳ್ಳಿ.

ಪ್ರಶ್ನೆ: ಹಳೇ ವಾಡೆ ಕೆಡವಿದಾಗ ಸಾಗವಾನಿ ತೊಲೆ ಸಿಕ್ಕಿದೆ. ಇಡೀ ಗಿಟಾರನ್ನು ಅದರಲ್ಲೇ ಮಾಡಬಹುದೇ?
– ಓದುಗರು, ಸುರಪುರ

ಕುತ್ತಿಗೆ, ಬೆನ್ನು, ಪಕ್ಕೆಗಳಿಗೆ ಧಾರಾಳವಾಗಿ ಬಳಸಿ. ಅಷ್ಟು ವರ್ಷ ಒಣಗಿದ ಕಟ್ಟಿಗೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಮೇಲ್ಹಲಗೆಗೆ ಮಾತ್ರ ಬೇಡ. ಸಾಗವಾನಿ ಸ್ಪ್ರೂಸಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ರಂಧಾ ಹಾಕುವ ಮೊದಲು ಒಳಗೆ ಮುರಿದು ಕುಳಿತ ಮೊಳೆಗಳನ್ನು ಅಯಸ್ಕಾಂತ ಆಡಿಸಿ ಹುಡುಕಿ. ಸಾಗವಾನಿಯಲ್ಲಿ ಎಣ್ಣೆಯ ಅಂಶ ಇರುವುದರಿಂದ, ಅಂಟು ಹಚ್ಚುವ ಮುಂಚೆ ಹೊಸದಾಗಿ ಹೆರೆದು ಅಸಿಟೋನ್ ಬಟ್ಟೆಯಲ್ಲಿ ಒರೆಸಿ ಕೂಡಲೇ ಅಂಟಿಸಿ. ಮರುದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಪ್ರಶ್ನೆ: ಏಪ್ರಿಲ್ ತಿಂಗಳಲ್ಲಿ ಬ್ರಿಡ್ಜ್ ಹಿಂದಿನಿಂದ ಎದ್ದಿತು. ಬಿಳಿ ಅಂಟು ಹಚ್ಚಿ ಕೂಡಿಸಿದೆವು, ಜೂನ್‌ನಲ್ಲಿ ಮತ್ತೆ ಎದ್ದಿತು. ಸ್ಕ್ರೂ ಹೊಡೆಯಬಹುದೇ?
– ಓದುಗರು, ಶಹಾಪುರ

ಸ್ಕ್ರೂ ಬೇಡ. ಬ್ರಿಡ್ಜ್ ಹಿಡಿಯುವುದು ಅದರ ಇಡೀ ತಳದ ಅಂಟು; ಎರಡು ಸ್ಕ್ರೂ ಆ ಎಳೆತವನ್ನು ಎರಡೇ ಬಿಂದುವಿಗೆ ತಂದು ಹಲಗೆಯನ್ನು ಸೀಳುತ್ತವೆ.

ಬಡಗಿಗಳು ಬಳಸುವ ಬಿಳಿ ಪಿವಿಎ ಅಂಟು ಬಾಗಿಲು, ಕಪಾಟಿಗೆ ಸರಿ. ಎಡೆಬಿಡದ ಎಳೆತ ಮತ್ತು ಬಿಸಿ ಎರಡೂ ಸೇರಿದಾಗ ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರುತ್ತ ಹೋಗುತ್ತದೆ. ಹಳೆಯ ಅಂಟಿನ ಮೇಲೆಯೇ ಹೊಸದನ್ನು ಹಚ್ಚಿದ್ದರೆ ಹಿಡಿಯುವ ಮಾತೇ ಇಲ್ಲ. ತಂತಿ ಬಿಚ್ಚಿ, ಬ್ರಿಡ್ಜಿನ ಮೇಲೆ ಬಿಸಿ ಕೊಟ್ಟು, ತೆಳು ಚೂರಿಯನ್ನು ಎಳೆಯ ದಿಕ್ಕು ನೋಡಿ ನಿಧಾನ ತೂರಿಸಿ ಎಬ್ಬಿಸಿ. ಎರಡೂ ಮೈ ಬರಿ ಕಟ್ಟಿಗೆ ಕಾಣುವವರೆಗೆ ಹೆರೆಯಬೇಕು. ಬಹಳ ಗಿಟಾರುಗಳಲ್ಲಿ ಬ್ರಿಡ್ಜಿನ ಅಂಚಿನ ಕೆಳಗೆ 2–3 ಮಿ.ಮೀ. ಪಾಲಿಶ್ ಹಾಗೇ ಉಳಿದಿರುತ್ತದೆ, ಏಳುವುದು ಶುರುವಾಗುವುದೇ ಅಲ್ಲಿಂದ. ಮೇಲ್ಹಲಗೆ ಸ್ವಲ್ಪ ಉಬ್ಬಿದ್ದರೆ ಬ್ರಿಡ್ಜಿನ ತಳವನ್ನು ಆ ಉಬ್ಬಿಗೆ ತಕ್ಕಂತೆ ಉಜ್ಜಿ ಕೂಡಿಸಿ. ಕ್ಲಾಂಪಿನ ಬಲದಿಂದ ಸಪಾಟು ಮಾಡಹೋದರೆ ಮತ್ತೆ ಏಳುತ್ತದೆ.

ಅಂಟು ಚರ್ಮದ ಸರೇಸೇ ಆಗಲಿ. ಒಂದು ಭಾಗ ಸರೇಸಿಗೆ ತೂಕದಲ್ಲಿ ಎರಡು ಭಾಗ ನೀರು ಹಾಕಿ ನೆನೆಸಿ, ನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿಗೆ ಕಾಯಿಸಿ. ಕುದಿಸಿದರೆ ಅದರ ಬಲ ಹೋಯಿತು. ಹಚ್ಚಿದ ಮೇಲೆ ಒಂದು ನಿಮಿಷದೊಳಗೆ ಬ್ರಿಡ್ಜ್ ಕೂರಬೇಕು. ನಮ್ಮ ಕಡೆಯ ಬ್ಯಾಸಗಿ ಇದೊಂದು ಕೆಲಸಕ್ಕೆ ಉಪಕಾರಿ: ಕೋಣೆಯೇ 38–40 ಡಿಗ್ರಿ ಇದ್ದರೆ ಅಂಟು ಬೇಗ ಹೆಪ್ಪುಗಟ್ಟುವುದಿಲ್ಲ, ಕೈಗೆ ವೇಳೆ ಸಿಗುತ್ತದೆ. ಒಂದು ದಿನ ಕ್ಲಾಂಪ್, ಇನ್ನೆರಡು ದಿನ ಬಿಟ್ಟು ತಂತಿ.

ಏಪ್ರಿಲ್ ಮತ್ತು ಜೂನ್ ಎರಡೂ ಸಲ ಎದ್ದಿದ್ದಕ್ಕೆ ಹವೆಯ ಪಾಲೂ ಇದೆ. ಒಣ ಬಿಸಿಲಲ್ಲಿ ಹಲಗೆ ಅಡ್ಡಕ್ಕೆ ಕುಗ್ಗುತ್ತದೆ, ಮಳೆ ಬಿದ್ದೊಡನೆ ಹಿಗ್ಗುತ್ತದೆ. ಕೂಲರ್ ಇದ್ದ ಕೋಣೆ ಇನ್ನೂ ಕೆಟ್ಟದ್ದು, ಹಗಲು ಹಸಿ ಗಾಳಿ, ಆರಿಸಿದ ಮೇಲೆ ಒಣ ಗಾಳಿ, ದಿನವೂ ಇದೇ ಎಳೆದಾಟ. ಗಿಟಾರನ್ನು ಕೂಲರಿನ ಎದುರು ತೂಗುಹಾಕಬೇಡಿ, ಪೆಟ್ಟಿಗೆಯಲ್ಲಿಡಿ. ಬಿಸಿಲಿಗೆ ನಿಂತ ಕಾರಿನಲ್ಲಂತೂ ಅರ್ಧ ಗಂಟೆಯೂ ಬೇಡ. ಹೊಸದಾಗಿ ಮಾಡುವವರು ಬ್ರೇಸ್ ಅಂಟಿಸುವ ಕೆಲಸವನ್ನು ನವೆಂಬರ್‌ನಿಂದ ಫೆಬ್ರವರಿಯೊಳಗೆ, ತೇವಮಾಪಕ ನೂರಕ್ಕೆ 40–45 ತೋರಿಸುವ ದಿನ ಇಟ್ಟುಕೊಳ್ಳಲಿ. ಶ್ರಾವಣದ ತೇವದಲ್ಲಿ ಬ್ರೇಸ್ ಅಂಟಿಸಿದ ಹಲಗೆ ಮುಂದಿನ ಬ್ಯಾಸಗಿಗೆ ಬಿರಿಯುವುದೇ ಹೆಚ್ಚು.

ಪ್ರಶ್ನೆ: ಧ್ವನಿರಂಧ್ರದ ಸುತ್ತ ಬಿದ್ರಿ ಬಳೆ ಕೂಡಿಸುವ ಆಸೆ. ಸಾಧ್ಯವೇ?
– ಓದುಗರು, ಬೀದರ್

ಆಸೆ ಚೆಂದ, ಜಾಗ ತಪ್ಪು. ಬಿದ್ರಿ ಎಂದರೆ ಸತುವು, ಜತೆಗೆ ಸ್ವಲ್ಪ ತಾಮ್ರ. ಸ್ಪ್ರೂಸಿಗಿಂತ ಹದಿನೈದು ಪಟ್ಟಿಗೂ ಹೆಚ್ಚು ಭಾರ. ಅದುರಬೇಕಾದ ಹಲಗೆಯ ಮೇಲೆ ಆ ತೂಕ ಹೇರಬಾರದು. ಕಟ್ಟಿಗೆ ಹಿಗ್ಗಿ ಕುಗ್ಗುವಾಗ ಲೋಹದ ಬಳೆ ಅದರ ಜತೆ ಹೋಗದು, ಅಂಚು ಬಿರಿಯುತ್ತದೆ. ಹನ್ನೆರಡು ಕೀಲಿಯಿಂದ ತಲೆಯೇ ಭಾರವಾದ ವಾದ್ಯವಾದ್ದರಿಂದ ಹೆಡ್‌ಸ್ಟಾಕಿಗೆ ದೊಡ್ಡ ಫಲಕವೂ ಬೇಡ. ಟ್ರಸ್ ರಾಡಿನ ಮುಚ್ಚಳವನ್ನು ಬಿದ್ರಿಯಲ್ಲಿ ಮಾಡಿಸಿ: 2 ಮಿ.ಮೀ. ದಪ್ಪ, ಹೆಬ್ಬೆರಳಿನಷ್ಟು ಅಗಲ, ಎರಡು ಸಣ್ಣ ಸ್ಕ್ರೂ. ತೂತುಗಳನ್ನು ಬೆಳ್ಳಿ ಕೂರಿಸುವ ಮೊದಲೇ ಕೊರೆಸಿ. ಬಣ್ಣ ಕಪ್ಪಾದ ಮೇಲೆ ಕೊರೆದರೆ ತೂತಿನ ಅಂಚು ಬೂದು ಬಣ್ಣಕ್ಕೆ ಕಾಣುತ್ತದೆ.

ಪ್ರಶ್ನೆ: ಜಿ ಜೋಡಿಯ ತೆಳು ತಂತಿ ಪದೇ ಪದೇ ಹರಿಯುತ್ತದೆ. 9ರ ಬದಲು 10 ಹಾಕಲೇ?
– ವಿದ್ಯಾರ್ಥಿ, ಹುಮನಾಬಾದ್

ದಪ್ಪ ಹಾಕಿದರೆ ಉಪಯೋಗವಿಲ್ಲ. ಒಂದೇ ಉದ್ದ, ಒಂದೇ ಸ್ವರಕ್ಕೆ ಉಕ್ಕಿನ ತಂತಿಯ ಪ್ರತಿ ಚದರ ಮಿ.ಮೀ. ಮೇಲೆ ಬೀಳುವ ಒತ್ತಡ ತೆಳುವಿಗೂ ದಪ್ಪಕ್ಕೂ ಒಂದೇ. ಆ ತಂತಿ ಇಡೀ ಗಿಟಾರಿನಲ್ಲೇ ಎಲ್ಲಕ್ಕಿಂತ ಮೇಲಿನ ಸ್ವರ, 392 ಹರ್ಟ್ಸ್; ಹರಿಯುವ ಗಡಿಗೆ ಹತ್ತಿರವೇ ಇರುತ್ತದೆ. ಬೇಕಿದ್ದರೆ 8 ಹಾಕಿ. ಎಲ್ಲಿ ಹರಿಯಿತೆಂದು ಮೊದಲು ನೋಡಿ: ನಟ್ ಬಳಿಯಾದರೆ ಕಚ್ಚು ಇಕ್ಕಟ್ಟಾಗಿದೆ, ಅರದಿಂದ ತೀಡಿ ಪೆನ್ಸಿಲ್ ಸೀಸ ಹಚ್ಚಿ. ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿ ಕೂರುವ ಪಟ್ಟಿ) ಬಳಿಯಾದರೆ ಅದರ ಮೂಲೆ ಚೂಪಾಗಿದೆ, ದುಂಡಗೆ ಮಾಡಿ. ಒಂದು ಸ್ವರ ಇಳಿಸಿ ಶ್ರುತಿ ಮಾಡಿದರೆ ಬಹುಪಾಲು ಈ ಕಾಟವೇ ಇರುವುದಿಲ್ಲ.

ಪ್ರಶ್ನೆ: ಜೋಡಿಯಲ್ಲಿ ತೆಳು ತಂತಿ ಮೇಲೆ ಬರಬೇಕೋ ದಪ್ಪದ್ದೋ?
– ಓದುಗರು, ಸೇಡಂ

ಗಿಟಾರ್ ಹಿಡಿದು ಕುಳಿತಾಗ ತೆಳುವಾದದ್ದು ಮೇಲೆ, ಮುಖದ ಕಡೆಗೆ. ಕೆಳಗೆ ಹೊಡೆಯುವಾಗ ಅದೇ ಮೊದಲು ನುಡಿಯುತ್ತದೆ. ರಿಕನ್‌ಬ್ಯಾಕರ್ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಇದು ತಿರುಗಾಮುರುಗಾ. ಕೆಳಗಿನ ಬಿ ಮತ್ತು ಇ ಜೋಡಿಗಳಲ್ಲಿ ಎರಡೂ ತಂತಿ ಒಂದೇ ಗಾತ್ರ, ಅಲ್ಲಿ ಈ ಪ್ರಶ್ನೆ ಬರುವುದಿಲ್ಲ.