ಆ ವಿಂಡೋಸ್ 7 ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ

ಮೂಡಿಗೆರೆಯ ಸ್ನೇಹಿತರಿಗೆ ನಮಸ್ಕಾರ. ತೋಟದ ಲೆಕ್ಕ ಬರೆಯುವ ಎರಡನೇ ತಲೆಮಾರಿನ ಇಂಟೆಲ್ ಐ3 ಕಂಪ್ಯೂಟರ್ ನಿಧಾನವಾಗಿದೆ, ಕ್ರೋಮ್ ಅಪ್‌ಡೇಟ್ ಆಗುತ್ತಿಲ್ಲ, ಆದ್ದರಿಂದ ಈ ಭಾನುವಾರ ಫಾರ್ಮ್ಯಾಟ್ ಮಾಡಿ ಅದೇ ವಿಂಡೋಸ್ 7 ಅನ್ನು ಮತ್ತೆ ಹಾಕುತ್ತೇನೆ ಎಂದು ಬರೆದಿದ್ದೀರಿ. ನಿಮ್ಮ ಪೋಸ್ಟಿನ ಕೆಳಗೆ ಮೂವರು ‘ಹಾಕಿ, ಹೊಸದರ ಹಾಗೆ ಓಡುತ್ತದೆ’ ಎಂದು ಹುರಿದುಂಬಿಸಿದ್ದಾರೆ. ದಯವಿಟ್ಟು ನಿಲ್ಲಿಸಿ. 2021ರ ಮಳೆಗಾಲದಲ್ಲಿ ಸಕಲೇಶಪುರದ ನಮ್ಮ ಮನೆಯಲ್ಲಿ ನಾನು ಮಾಡಿದ್ದೂ ಇದನ್ನೇ.

ಮೊದಲಿಗೆ, ಫಾರ್ಮ್ಯಾಟ್ ಮಾಡಿದರೆ ಕ್ರೋಮ್ ಸರಿಹೋಗುವುದಿಲ್ಲ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಕ್ರೋಮ್ 109. 2023ರ ಫೆಬ್ರುವರಿಯಲ್ಲಿ ಬಂದ 110ಕ್ಕೆ ವಿಂಡೋಸ್ 10 ಆದರೂ ಬೇಕು. ಫೈರ್‌ಫಾಕ್ಸ್ ಕೂಡ 115ರ ಇಎಸ್‌ಆರ್ (ದೀರ್ಘ ಬೆಂಬಲದ) ಆವೃತ್ತಿಗೇ ನಿಂತಿತು. 2020ರ ಜನವರಿ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ದಿನ ಯಾರ ಕಂಪ್ಯೂಟರೂ ಕೆಡಲಿಲ್ಲ, ಆದ್ದರಿಂದಲೇ ನಾವೆಲ್ಲ ಮೋಸಹೋದೆವು. ಓಡುತ್ತಿರುವ ಹಳೆಯ ವಿಂಡೋಸ್ ಎಂದರೆ ಹತ್ತು ವರ್ಷಗಳಲ್ಲಿ ಒಂದೊಂದಾಗಿ ಬಂದು ಕುಳಿತ ಅಪ್‌ಡೇಟು, ಡ್ರೈವರು, ಲೈಸೆನ್ಸುಗಳ ರಾಶಿ. ಅವು ಇದ್ದಲ್ಲೇ ಇರುವವರೆಗೆ ನಡೆಯುತ್ತವೆ, ಅಳಿಸಿದರೆ ಹಲವು ಮತ್ತೆ ಸಿಗುವುದಿಲ್ಲ.

ನನಗಾದದ್ದು ಇಷ್ಟು. ಹೊಸದಾಗಿ ಹಾಕಿದ ವಿಂಡೋಸ್ 7ರ ಜೊತೆ ಬರುವ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ ಟಿಎಲ್ಎಸ್ 1.2 (ಜಾಲತಾಣಗಳ ಜೊತೆ ಸುರಕ್ಷಿತವಾಗಿ ಮಾತಾಡುವ ವಿಧಾನ) ಆಫ್ ಆಗಿರುತ್ತದೆ, ಹೀಗಾಗಿ ಬ್ರೌಸರ್ ಇಳಿಸಿಕೊಳ್ಳಲು ಬೇಕಾದ ಪುಟವೇ ತೆರೆಯಲಿಲ್ಲ. ಅಪ್‌ಡೇಟ್ ರಾತ್ರಿಯಿಡೀ ಹುಡುಕುತ್ತಲೇ ಇತ್ತು. ಮೈಕ್ರೋಸಾಫ್ಟ್ ಅಪ್‌ಡೇಟುಗಳ ಸಹಿಯನ್ನು ಶಾ-2 ಎಂಬ ಹೊಸ ವಿಧಾನಕ್ಕೆ ಬದಲಿಸಿದ್ದರಿಂದ, ಸರ್ವಿಸ್ ಪ್ಯಾಕ್ 1ರ ಮೇಲೆ ಕೆಬಿ4490628 ಮತ್ತು ಕೆಬಿ4474419 ಎಂಬ ಎರಡು ಅಪ್‌ಡೇಟುಗಳನ್ನು ಬೇರೆ ಕಂಪ್ಯೂಟರಿನಿಂದ ತಂದು ಹಾಕಬೇಕೆಂದು ತಿಳಿಯಲು ಎರಡು ದಿನ ಹಿಡಿಯಿತು. ಪ್ರಿಂಟರಿನ ಸಿಡಿಗೆ ಬೂಷ್ಟು ಹಿಡಿದಿತ್ತು. ಲೆಕ್ಕದ ಸಾಫ್ಟ್‌ವೇರಿನ ಕಂಪನಿಗೆ (ಹೆಸರು ಬೇಡ) ಫೋನ್ ಮಾಡಿದರೆ, ನಿಮ್ಮ ಆವೃತ್ತಿಯ ಆಕ್ಟಿವೇಶನ್ ನಿಂತುಹೋಗಿದೆ, ಹೊಸದನ್ನು ಕೊಳ್ಳಿ, ಆದರೆ ಅದು ವಿಂಡೋಸ್ 7ರಲ್ಲಿ ಕೂರುವುದಿಲ್ಲ ಎಂದರು.

ಎಲ್ಲಕ್ಕಿಂತ ನೋವಾದದ್ದು ಫಾಂಟಿನ ವಿಷಯ. ನಮ್ಮ ರೈಟರ್ (ತೋಟದ ಗುಮಾಸ್ತ) ಎಂಟು ವರ್ಷ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದಿಟ್ಟ ಬಟವಾಡೆ ಪಟ್ಟಿಗಳನ್ನು ನಾನು ಜೋಪಾನವಾಗಿ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೆ, ಫಾಂಟ್ಸ್ ಫೋಲ್ಡರನ್ನು ಮಾತ್ರ ಬಿಟ್ಟಿದ್ದೆ. ಆ ಫಾಂಟು ಇಲ್ಲದೆ ಕಡತ ತೆರೆದರೆ ಆಳುಗಳ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಶನಿವಾರದ ಬಟವಾಡೆಗೆ ಪಟ್ಟಿಯನ್ನು ಕೈಯಲ್ಲೇ ಬರೆಯಬೇಕಾಯಿತು. ಪಕ್ಕದ ತೋಟದವರಿಂದ ನುಡಿ ಫಾಂಟು ತಂದ ಮೇಲೆ ಹೆಚ್ಚಿನವು ಓದಲು ಬಂದವು. ಆದರೆ ಹಾಸನದ ಡಿಟಿಪಿ ಅಂಗಡಿಯೊಂದರಲ್ಲಿ ಮಾಡಿಸಿದ್ದ ಒಂದು ಕಡತ ಇನ್ನಾವುದೋ ಫಾಂಟಿನದು, ಅಂಗಡಿ ಮುಚ್ಚಿದೆ, ಇಂದಿಗೂ ಓದಲಾಗಿಲ್ಲ.

ಆದ್ದರಿಂದ ನೀವು ಹಾರ್ಡ್ ಡಿಸ್ಕಿಗಿಂತ ವೇಗದ ಒಂದು 240 ಜಿಬಿ ಎಸ್‌ಎಸ್‌ಡಿ ಕೊಳ್ಳಿ. ಹಳೆಯ ಹಾರ್ಡ್ ಡಿಸ್ಕ್ ಇನ್ನೂ ಒಳಗಿರುವಾಗಲೇ ಫಾಂಟ್ಸ್ ಫೋಲ್ಡರನ್ನು ನಕಲಿಸಿ, ನುಡಿಯ ಕಡತಗಳನ್ನು ಅಲ್ಲಿಯೇ ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಅರ್ಕಾವೊತ್ತಿರುವ ಹೆಸರುಗಳನ್ನು ಕಣ್ಣಾರೆ ನೋಡಿ, ಅಲ್ಲಿಯೇ ತಪ್ಪುಗಳು ನುಸುಳುತ್ತವೆ. ಆಮೇಲೆ ಡಿಸ್ಕನ್ನು ಬಿಚ್ಚಿ, ದಿನಾಂಕ ಬರೆದ ಚೀಟಿ ಅಂಟಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮ ಕಡೆಯ ಆಷಾಢದಲ್ಲಿ ಬರಿಯ ಬೀರು ಸಾಲದು. ಹಳೆಯ ಲೆಕ್ಕ ನೋಡಬೇಕಾದಾಗ ಅದೇ ಕಂಪ್ಯೂಟರಿಗೆ ಮತ್ತೆ ಜೋಡಿಸಬಹುದು, ಆದರೆ ಆಗ ನೆಟ್ ಕೇಬಲ್ ಕಿತ್ತಿರಬೇಕು.

ಹೊಸ ಎಸ್‌ಎಸ್‌ಡಿಗೆ ಏನು ಹಾಕಬೇಕು? ವಿಂಡೋಸ್ 11 ನಿಮ್ಮದಕ್ಕೆ ಆಗದು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದಾದರೂ ಇರಬೇಕು. ಅಡ್ಡದಾರಿಯಲ್ಲಿ ಹಾಕಬಹುದು ಎಂದು ಯಾರಾದರೂ ಹೇಳುತ್ತಾರೆ. ಹಾಗೆ ಹಾಕಿದ್ದಕ್ಕೆ ಅಪ್‌ಡೇಟಿನ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದ್ದರಿಂದ ಅದನ್ನು ಹಾಕಿಕೊಳ್ಳುವುದು ಇದೇ ತಪ್ಪನ್ನು ಮುಂದಿನ ಮಳೆಗಾಲಕ್ಕೆ ತಳ್ಳಿದಂತೆ. ನನ್ನ ಮತ ವಿಂಡೋಸಿನ ಬದಲು ಹಾಕುವ ಉಚಿತ ಲಿನಕ್ಸ್ ಮಿಂಟ್ 22ಕ್ಕೆ. 2029ರವರೆಗೆ ಅಪ್‌ಡೇಟ್ ಬರುತ್ತದೆ, 4 ಜಿಬಿ ರ್‍ಯಾಮಿನಲ್ಲಿ ಮುನಿಸಿಲ್ಲದೆ ನಡೆಯುತ್ತದೆ, ಕ್ರೋಮ್ ಹೊಸದೇ ಸಿಗುತ್ತದೆ. ಆದರೆ ಟ್ಯಾಲಿ ಬಳಸುವವರಿಗೆ ಇದು ಹೊಂದುವುದಿಲ್ಲ, ಅದು ವಿಂಡೋಸಿನದೇ ಸಾಫ್ಟ್‌ವೇರ್. ಅಂಥವರು ಹೊಸ ಕಂಪ್ಯೂಟರನ್ನೇ ಕೊಳ್ಳಲಿ. ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುವುದಾದರೆ ಮಿಂಟಿನಲ್ಲಿ ತಲೆನೋವಾಗುತ್ತದೆ. ಸ್ವಂತ ಹೆಸರಿನ ವ್ಯವಹಾರವಾದರೆ ಟೋಕನ್ ಬದಲು ಮೊಬೈಲಿಗೆ ಬರುವ ಇವಿಸಿಯ ಒಟಿಪಿಯಲ್ಲೇ ಮುಗಿಯುತ್ತದೆ. ಪ್ರಿಂಟರುಗಳಲ್ಲಿ ಎಚ್‌ಪಿಯ ಬಹುತೇಕ ಮಾದರಿಗಳಿಗೆ ಎಚ್‌ಪಿಲಿಪ್ ಡ್ರೈವರ್ ಇದೆ. ಕ್ಯಾನನ್ ಎಲ್‌ಬಿಪಿ 2900 ತನ್ನದೇ ಕ್ಯಾಪ್ಟ್ ಭಾಷೆಯದಾದ್ದರಿಂದ ಅದಕ್ಕೆ ತಾಳ್ಮೆ ಬೇಕು.

ಇನ್ನು ಇದೇ ಗುಂಪಿನಲ್ಲಿ ‘ಎಲ್ಲ ಡ್ರೈವರ್ ಸೇರಿಸಿದ, ಆಕ್ಟಿವೇಶನ್ ಬೇಡದ ವಿಂಡೋಸ್ 7’ ಪೆನ್‌ಡ್ರೈವಿನಲ್ಲಿ ಕೊಡುತ್ತೇನೆ ಎಂದವರಿಗೆ ಒಂದು ಮಾತು: ಯಾರು ಏನನ್ನು ಸೇರಿಸಿದ್ದಾರೆಂದು ಗೊತ್ತಿಲ್ಲದ ವಿಂಡೋಸನ್ನು ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಕಂಪ್ಯೂಟರಿಗೆ ಹಾಕಿಸುವುದು ಉಪಕಾರವಲ್ಲ.

ಸ್ನೇಹಿತರೇ, ಭಾನುವಾರಕ್ಕೆ ಮುಂಚೆ ಪ್ರಿಂಟರಿನ ಮಾದರಿ ಸಂಖ್ಯೆಯನ್ನೂ ಲೆಕ್ಕದ ಸಾಫ್ಟ್‌ವೇರಿನ ಹೆಸರನ್ನೂ ಇಲ್ಲಿ ಹಾಕಿ. ಮಿಂಟಿನಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಎಸ್‌ಎಸ್‌ಡಿ ಕೊಳ್ಳುವ ಮೊದಲೇ ನೋಡಿ ಹೇಳುತ್ತೇನೆ.